ರೈಲು ಹೋದ ಮೇಲೆ ಬಂದವರು

ನಾನು ಆ ನಿಲ್ದಾಣವನ್ನು ಮೊದಲು ಹುಡುಕಿದ್ದು ತಪ್ಪು ಜಾಗದಲ್ಲಿ.

ಲಂಡನ್ನಿಗೆ ಬಂದ ಹೊಸದರಲ್ಲಿ, ಹಳೆಯ ಪುಸ್ತಕದ ಅಂಗಡಿಯೊಂದರ ರಟ್ಟಿನ ಪೆಟ್ಟಿಗೆಯಲ್ಲಿ ಫ್ರೆಂಚ್ ಚಿತ್ರಕಾರ ಕಮೀಯ್ ಪಿಸಾರೊ ಬಿಡಿಸಿದ ಚಿತ್ರವೊಂದರ ಮುದ್ರಿತ ಪ್ರತಿ ಕೈಗೆ ಸಿಕ್ಕಿತು. ಮೋಡ ಕವಿದ ಆಕಾಶ, ಎರಡೂ ಬದಿಗೆ ಹುಲ್ಲಿನ ಇಳಿಜಾರು, ನಡುವೆ ಹಳಿಗಳು, ಆ ಹಳಿಗಳ ಮೇಲೆ ನಮ್ಮತ್ತಲೇ ಬರುತ್ತಿರುವ ಪುಟ್ಟ ಕಪ್ಪು ಇಂಜಿನ್ನು. ಅದರ ಹಿಂದೆ ಒಂದು ನಿಲ್ದಾಣ. ಕೆಳಗೆ ‘ಪೆಂಜ್ ನಿಲ್ದಾಣ’ ಎಂದು ಅಚ್ಚಾಗಿತ್ತು. ಪೆಂಜ್ ದಕ್ಷಿಣ ಲಂಡನ್ನಿನ ಒಂದು ಬಡಾವಣೆ. ಪೆಂಜ್ ಈಸ್ಟ್, ಪೆಂಜ್ ವೆಸ್ಟ್ ಎಂದು ಇಂದಿಗೂ ಅಲ್ಲಿ ಎರಡು ನಿಲ್ದಾಣಗಳಿವೆ. ಒಂದು ಶನಿವಾರ ಎರಡೂ ಕಡೆ ಹೋಗಿ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು, ಚಿತ್ರವನ್ನೂ ಎದುರಿನ ನೋಟವನ್ನೂ ಹೋಲಿಸಿ ನೋಡಿದೆ. ಎಲ್ಲಿಯೂ ತಾಳೆಯಾಗಲಿಲ್ಲ. ನೂರೈವತ್ತು ವರ್ಷಗಳಲ್ಲಿ ಮನೆಗಳು ಬದಲಾಗಬಹುದು, ಗುಡ್ಡ ಎಲ್ಲಿಗೆ ಹೋದೀತು ಎಂದುಕೊಂಡು ಹಿಂತಿರುಗಿದೆ.

ಉತ್ತರ ಸಿಕ್ಕಿದ್ದು ಕೆಲವು ತಿಂಗಳ ಬಳಿಕ, ಕೋರ್ಟಾಲ್ಡ್ ಗ್ಯಾಲರಿಯಲ್ಲಿ ಮೂಲ ಚಿತ್ರದ ಎದುರು ನಿಂತಾಗ. ಒಂದೂವರೆ ಅಡಿಯಷ್ಟು ಎತ್ತರ, ಎರಡಡಿಗೆ ತುಸು ಹೆಚ್ಚು ಅಗಲದ ಕ್ಯಾನ್‌ವಾಸ್. ಪಕ್ಕದ ಫಲಕದ ಮೇಲೆ ಬೇರೆಯೇ ಹೆಸರಿತ್ತು: ಲಾರ್ಡ್‌ಶಿಪ್ ಲೇನ್ ನಿಲ್ದಾಣ, ಡಲಿಚ್, 1871. ಚಿತ್ರ ಹೆಸರಾಂತದ್ದೇ. ಅದರೊಳಗಿನ ನಿಲ್ದಾಣ ಮಾತ್ರ ಬಹಳ ಕಾಲ ಬೇರೊಂದರ ಹೆಸರಿನಲ್ಲಿ ಬದುಕಿತ್ತು. ಇದು ನನ್ನನ್ನು ಚಿತ್ರಕ್ಕಿಂತ ಹೆಚ್ಚು ಕಾಡಿತು. ದಿನವೂ ಟಿಕೆಟ್ ಕೊಟ್ಟ, ಗಂಟೆ ನೋಡಿ ರೈಲು ಬಿಟ್ಟ, ಸುತ್ತಲಿನವರೆಲ್ಲ ಹೆಸರಿಟ್ಟು ಕರೆದ ಜಾಗವೊಂದು, ‘ಇದು ಇಂಥದ್ದು’ ಎಂದು ಗುರುತಿಸುವವರೂ ಇಲ್ಲದ ಹಾಗೆ ಹೇಗೆ ಅಳಿಸಿಹೋಗುತ್ತದೆ? ಅಂದಿನಿಂದ ಆ ನಿಲ್ದಾಣವಿದ್ದ ರೈಲು ಮಾರ್ಗದ ಬೆನ್ನು ಹತ್ತಿದ್ದೇನೆ. ಬಿಡುವಾದಾಗಲೆಲ್ಲ ಅದು ಇದ್ದ ನೆಲದ ಮೇಲೆ ನಡೆಯುತ್ತೇನೆ.

ಕತೆ ಶುರುವಾಗುವುದು ಗಾಜಿನ ಒಂದು ಅರಮನೆಯಿಂದ. 1851ರಲ್ಲಿ ಹೈಡ್ ಪಾರ್ಕಿನಲ್ಲಿ ನಡೆದ ಮಹಾಪ್ರದರ್ಶನಕ್ಕಾಗಿ ಜೋಸೆಫ್ ಪ್ಯಾಕ್ಸ್‌ಟನ್ ಕಬ್ಬಿಣ ಮತ್ತು ಗಾಜಿನಲ್ಲಿ ಕಟ್ಟಿದ ಕ್ರಿಸ್ಟಲ್ ಪ್ಯಾಲೇಸನ್ನು ಪ್ರದರ್ಶನ ಮುಗಿದ ಮೇಲೆ ಬಿಚ್ಚಿ, ದಕ್ಷಿಣದ ಸಿಡ್‌ನಮ್ ಗುಡ್ಡದ ನೆತ್ತಿಗೆ ಸಾಗಿಸಿ, ಮೊದಲಿಗಿಂತ ದೊಡ್ಡದಾಗಿ ಮತ್ತೆ ಕಟ್ಟಿದರು. 1854ರ ಜೂನ್ 10ರಂದು ವಿಕ್ಟೋರಿಯಾ ರಾಣಿ ಅದನ್ನು ಉದ್ಘಾಟಿಸಿದಳು. ಗುಡ್ಡದ ಆ ಜಾಗವೇ ಯಾಕೆ ಎಂದು ಕೇಳಿದರೆ, ರೈಲಿನ ಲೆಕ್ಕ ಹೊರಬೀಳುತ್ತದೆ. ನೆಲವನ್ನು ಮಾರಿದ ಲಿಯೊ ಶುಸ್ಟರ್ ಲಂಡನ್–ಬ್ರೈಟನ್ ರೈಲ್ವೆ ಕಂಪನಿಯ ನಿರ್ದೇಶಕ. ಅರಮನೆಯ ಕಂಪನಿಗೂ ಆ ರೈಲ್ವೆ ಕಂಪನಿಗೂ ಅಧ್ಯಕ್ಷ ಒಬ್ಬನೇ, ಸ್ಯಾಮ್ಯುಯಲ್ ಲೇಯಿಂಗ್. ಅರಮನೆ ಗುಡ್ಡದ ಮೇಲೆ, ಜನರನ್ನು ಅಲ್ಲಿಗೆ ಹೊತ್ತು ತರುವ ಹಳಿ ತಮ್ಮದು. ಉದ್ಘಾಟನೆಯ ದಿನವೇ ಅವರ ಕವಲು ಮಾರ್ಗವೂ ತೆರೆಯಿತು.

ಒಂದೇ ಕೊರತೆ. ಆ ನಿಲ್ದಾಣವಿದ್ದದ್ದು ಗುಡ್ಡದ ಬುಡದಲ್ಲಿ. ರೈಲಿನಿಂದ ಇಳಿದವರು ಗಾಜಿನ ಉದ್ದನೆಯ ಮೊಗಸಾಲೆಯಲ್ಲಿ ನಡೆದು, ಮೆಟ್ಟಿಲ ಮೇಲೆ ಮೆಟ್ಟಿಲು ಹತ್ತಿ ಅರಮನೆ ಸೇರಬೇಕಿತ್ತು. ಕುಪ್ಪಸ ಬಿಗಿದು, ಘೇರು ಲಂಗದ ಭಾರ ಎತ್ತಿ ಹಿಡಿದು ಹತ್ತುವ ಹೆಂಗಸರ ಪಾಡನ್ನು ಊಹಿಸಿಕೊಳ್ಳಬಹುದು. ಪ್ರತಿಸ್ಪರ್ಧಿಯಾದ ಲಂಡನ್, ಚಾಥಮ್ ಮತ್ತು ಡೋವರ್ ರೈಲ್ವೆ ಇದರಲ್ಲೇ ಅವಕಾಶ ಕಂಡಿತು. ಗುಡ್ಡದ ಇನ್ನೊಂದು ಮಗ್ಗುಲಿನಿಂದ ಹತ್ತಿ, ಅರಮನೆಯ ಬಾಗಿಲಿಗೇ ರೈಲು ತಂದು ನಿಲ್ಲಿಸಿದರೆ? ಹಾಗೆ ಹುಟ್ಟಿದ್ದು ನನ್ನ ಈ ಮಾರ್ಗ. ನನ್‌ಹೆಡ್ ಬಳಿ ಮುಖ್ಯ ಮಾರ್ಗದಿಂದ ಕವಲೊಡೆದು ಆನರ್ ಓಕ್, ಲಾರ್ಡ್‌ಶಿಪ್ ಲೇನ್ ದಾಟಿ, ಎರಡು ಸುರಂಗಗಳಲ್ಲಿ ಗುಡ್ಡವನ್ನು ತೂರಿ, ನೆತ್ತಿಯ ಮೇಲಿನ ಕ್ರಿಸ್ಟಲ್ ಪ್ಯಾಲೇಸ್ ಹೈ ಲೆವೆಲ್ ನಿಲ್ದಾಣಕ್ಕೆ ಬಂದು ಮುಗಿಯುವ ದಾರಿ. 1865ರ ಆಗಸ್ಟ್ 1ರಂದು ತೆರೆಯಿತು. ಲಾರ್ಡ್‌ಶಿಪ್ ಲೇನ್ ಒಂದು ತಿಂಗಳ ನಂತರ, ಸೆಪ್ಟೆಂಬರ್ 1ರಂದು.

ಕೊನೆಯ ನಿಲ್ದಾಣವನ್ನು ವಿನ್ಯಾಸ ಮಾಡಿದವನು ಎಡ್ವರ್ಡ್ ಮಿಡಲ್‌ಟನ್ ಬ್ಯಾರಿ. ಬ್ರಿಟನ್ನಿನ ಸಂಸತ್ ಭವನದ ವಾಸ್ತುಶಿಲ್ಪಿ ಚಾರ್ಲ್ಸ್ ಬ್ಯಾರಿಯ ಮಗ. ಗುಡ್ಡದ ಪಕ್ಕೆಯನ್ನು ಕಡಿದು, ಭಾರಿ ತಡೆಗೋಡೆ ಎಬ್ಬಿಸಿ, ಇಟ್ಟಿಗೆಯ ಗೋಡೆಗಳ ಮೇಲೆ ಕಬ್ಬಿಣ–ಗಾಜಿನ ಛಾವಣಿ ಹೊದಿಸಿ, ನಾಲ್ಕು ಮೂಲೆಗೆ ನಾಲ್ಕು ಗೋಪುರಗಳನ್ನು ನಿಲ್ಲಿಸಿದ. ಹಳೆಯ ಫೋಟೊಗಳಲ್ಲಿ ನೋಡಿದರೆ ಅದು ಬಡಾವಣೆಯ ಕವಲು ಮಾರ್ಗದ ತುದಿಯ ನಿಲ್ದಾಣ ಎಂದು ನಂಬುವುದೇ ಕಷ್ಟ. ರಾಜಧಾನಿಯೊಂದರ ಮುಖ್ಯ ನಿಲ್ದಾಣಕ್ಕೆ ಒಪ್ಪುವ ಗಾತ್ರ. ಅಲ್ಲಿಂದ ಅರಮನೆಗೆ ಹೋಗಲು ರಸ್ತೆಯ ಅಡಿಯಲ್ಲಿ ಒಂದು ಹಾದಿ. ಎಂಟು ಮುಖದ ಕಂಬಗಳು ಮೇಲೇರುತ್ತ ಬೀಸಣಿಗೆಯಂತೆ ಬಿಚ್ಚಿಕೊಂಡು ಕಮಾನುಗಳಾಗುತ್ತವೆ. ಕೆಂಪು ಮತ್ತು ಕೆನೆ ಬಣ್ಣದ ಇಟ್ಟಿಗೆಗಳು ಪಟ್ಟೆಪಟ್ಟೆಯಾಗಿ ಸೇರಿ, ನೋಡಿದವರಿಗೆ ನೆಲಮಾಳಿಗೆಯ ದೇವಾಲಯದಂತೆ ಕಾಣುತ್ತವೆ. ಇಟಲಿಯಿಂದ ಚರ್ಚು ಕಟ್ಟುವ ಕುಶಲಕರ್ಮಿಗಳನ್ನು ಕರೆಸಿದ್ದರು ಎಂಬ ಕತೆ ಇಲ್ಲಿಯವರ ಬಾಯಲ್ಲಿ ಇಂದಿಗೂ ಇದೆ. ಕತೆಗೆ ಆಧಾರ ಹುಡುಕುವುದಕ್ಕಿಂತ, ಅಂಥ ಕತೆ ಯಾಕೆ ಹುಟ್ಟಿತು ಎಂಬುದನ್ನು ಆ ಕಂಬಗಳ ಅಡಿಯಲ್ಲಿ ನಿಂತು ತಿಳಿಯುವುದು ಸುಲಭ.

ಜಾತ್ರೆಯ ದಿನಗಳಲ್ಲಿ ಈ ವೈಭವಕ್ಕೆ ಅರ್ಥವಿತ್ತು. ಮೂರು ವರ್ಷಕ್ಕೊಮ್ಮೆ ಸಂಗೀತಗಾರ ಹ್ಯಾಂಡಲ್‌ನ ಹೆಸರಿನ ಉತ್ಸವ ನಡೆಯುತ್ತಿತ್ತು, ಹಾಡುವವರೇ ಸಾವಿರಾರು ಮಂದಿ. ಬಾಣಬಿರುಸಿನ ರಾತ್ರಿಗಳಿದ್ದವು. 1895ರಿಂದ 1914ರವರೆಗೆ ಎಫ್‌ಎ ಕಪ್ ಫುಟ್‌ಬಾಲ್ ಫೈನಲ್ ಪಂದ್ಯಗಳು ಅರಮನೆಯ ಉದ್ಯಾನದಲ್ಲೇ ನಡೆದವು. ಆ ಪಂದ್ಯಗಳಿಗೆ ಲಕ್ಷ ದಾಟಿ ಜನ ಸೇರಿದ ವರ್ಷಗಳಿವೆ. ಅಂದು ಎರಡೂ ನಿಲ್ದಾಣಗಳು ಉಸಿರು ಬಿಗಿಹಿಡಿದು ದುಡಿದಿರಬೇಕು.

ಆದರೆ ಜಾತ್ರೆ ವರ್ಷವಿಡೀ ಇರುವುದಿಲ್ಲ. ನನಗೆ ಬೇಕಾಗಿರುವುದು ಉಳಿದ ದಿನಗಳ ಲೆಕ್ಕ. ಯಾವ ಉತ್ಸವವೂ ಇಲ್ಲದ ಒಂದು ಮಂಗಳವಾರ, ಬೆಳಗಿನ ಹನ್ನೊಂದು ಗಂಟೆಗೆ, ಲಾರ್ಡ್‌ಶಿಪ್ ಲೇನಿನಲ್ಲಿ ಯಾರು ರೈಲು ಹತ್ತುತ್ತಿದ್ದರು?

ಈ ಪ್ರಶ್ನೆಗೆ ಉತ್ತರ ಕೊಡುವ ಸಾಕ್ಷಿ ಪಿಸಾರೊ. ಫ್ರಾನ್ಸ್ ಮತ್ತು ಪ್ರಷ್ಯಗಳ ಯುದ್ಧದ ದೆಸೆಯಿಂದ ಮನೆ ಬಿಟ್ಟು, 1870ರ ಕೊನೆಯಲ್ಲಿ ಆತ ಸಂಗಾತಿ ಜೂಲಿ ಮತ್ತು ಮಕ್ಕಳೊಂದಿಗೆ ಲಂಡನ್ನಿಗೆ ಬಂದು ನಾರ್‌ವುಡ್‌ನಲ್ಲಿ ನೆಲೆಸಿದ್ದ. ಲೂವ್‌ಸಿಯೆನ್‌ನಲ್ಲಿದ್ದ ಅವನ ಮನೆಯನ್ನು ಪ್ರಷ್ಯದ ಸೈನಿಕರು ಹಿಡಿದುಕೊಂಡರು. ಅಲ್ಲಿಟ್ಟು ಬಂದಿದ್ದ ಚಿತ್ರಗಳಲ್ಲಿ ಬಹುಪಾಲು ಹಾಳಾದವು. ಎಷ್ಟೋ ವರ್ಷದ ದುಡಿಮೆ ಕೈಬಿಟ್ಟುಹೋದ ಕಾಲದಲ್ಲಿ, ಪರದೇಶದಲ್ಲಿ, ಆತ ಬಿಡಿಸಲು ಆರಿಸಿಕೊಂಡದ್ದು ಗಾಜಿನ ಅರಮನೆಯೊಂದನ್ನೇ ಅಲ್ಲ. ಅದನ್ನೂ ಬಿಡಿಸಿದ, ನಿಜ. ಆದರೆ ಅರಮನೆಗೆ ಹೋಗುವ ದಾರಿಯಲ್ಲಿ ಯಾರೂ ತಿರುಗಿ ನೋಡದ ಪುಟ್ಟ ನಿಲ್ದಾಣವನ್ನೂ ನಿಂತು ನೋಡಿದ. ಕಾಕ್ಸ್ ವಾಕ್ ಎಂಬ ಓಕ್ ಮರಗಳ ಹಾದಿ ಹಳಿಯನ್ನು ದಾಟುವಲ್ಲಿ ಒಂದು ಕಾಲುಸೇತುವೆಯಿತ್ತು. ಅದರ ಮೇಲೆ ನಿಂತು ಬಿಡಿಸಿದ ಚಿತ್ರ ಅದು.

ಚಿತ್ರವನ್ನು ನಿಧಾನವಾಗಿ ನೋಡಿದರೆ ಆಚೀಚೆ ಹೊಸ ಮನೆಗಳ ಸಾಲುಗಳು ಕಾಣುತ್ತವೆ. ನಡುವೆ ಇನ್ನೂ ಕಟ್ಟದ ಬಯಲು. ನಿಲ್ದಾಣಕ್ಕೆ ಆಗ ಆರು ವರ್ಷವೂ ತುಂಬಿರಲಿಲ್ಲ. ಇಡೀ ಚಿತ್ರದಲ್ಲಿ ಒಬ್ಬ ಮನುಷ್ಯನೂ ಇಲ್ಲ. ಬಲಬದಿಯ ಹುಲ್ಲಿನ ಇಳಿಜಾರಿನಲ್ಲಿ ಪಿಸಾರೊ ಮೊದಲು ಒಬ್ಬನನ್ನು ನಿಲ್ಲಿಸಿದ್ದ, ಆಮೇಲೆ ಅವನ ಮೇಲೆ ಹಸಿರು ಬಳಿದ. ಬಣ್ಣದ ಪದರಗಳನ್ನು ಪರೀಕ್ಷಿಸಿದವರಿಗೆ ಇದು ಗೊತ್ತಾಗಿದೆ. ಇದ್ದ ಒಬ್ಬನನ್ನೂ ಯಾಕೆ ತೆಗೆದ? ಚಿತ್ರದ ಸಮತೋಲಕ್ಕೆ ಎಂದು ಕಲಾವಿದರು ಹೇಳುತ್ತಾರೆ. ಅವರ ಮಾತು ಸರಿಯೇ ಇರಬಹುದು. ನನಗೆ ಮಾತ್ರ ಅದರಲ್ಲಿ ಈ ಮಾರ್ಗದ ಜಾತಕ ಕಾಣುತ್ತದೆ: ಹಳಿ ಇದೆ, ಇಂಜಿನ್ನು ಇದೆ, ನಿಲ್ದಾಣವಿದೆ. ಜನ ಇಲ್ಲ.

ಜನ ಇಲ್ಲದಿದ್ದುದಕ್ಕೆ ಕಾರಣಗಳು ನೆಲದಲ್ಲೇ ಇದ್ದವು. ಸಿಡ್‌ನಮ್ ಗುಡ್ಡದ ಸಾಲಿನುದ್ದಕ್ಕೂ ಅರಮನೆ ಬಂದ ಮೇಲೆ ಎದ್ದದ್ದು ದೊಡ್ಡ ದೊಡ್ಡ ಬಂಗಲೆಗಳು. ಎಕರೆಗಟ್ಟಲೆ ತೋಟ, ಕುದುರೆ ಲಾಯ, ಆಳುಕಾಳು. ಅಲ್ಲಿನ ನೆಲದ ಬಹುಭಾಗ ಡಲಿಚ್ ಎಸ್ಟೇಟಿನದು. ನೆಲವನ್ನು ಗುತ್ತಿಗೆಗೆ ಕೊಡುತ್ತಿದ್ದ ಆ ಸಂಸ್ಥೆ ಕಾಡನ್ನೂ ಬಯಲನ್ನೂ ಕಾಪಾಡಿಕೊಂಡಿತು, ಒತ್ತೊತ್ತಾಗಿ ಮನೆ ಕಟ್ಟಲು ಬಿಡಲಿಲ್ಲ. ಒಂದು ಬಂಗಲೆ ನಿಂತ ಜಾಗದಲ್ಲಿ ಬೇರೆ ಬಡಾವಣೆಯಲ್ಲಾದರೆ ನಲವತ್ತು ಮನೆಗಳಿರುತ್ತಿದ್ದವು. ನಿತ್ಯ ಬೆಳಗ್ಗೆ ಕೆಲಸಕ್ಕೆ ಓಡುವ ಗುಮಾಸ್ತರು, ಟೈಪಿಸ್ಟರು, ಅಂಗಡಿಯ ಸಹಾಯಕರು ಇದ್ದರೆ ತಾನೆ ಬಡಾವಣೆಯ ರೈಲಿಗೆ ಹೊಟ್ಟೆ ತುಂಬುವುದು! ಗುಡ್ಡದ ಮೇಲಿನ ಯಜಮಾನರು ಸ್ವಂತ ಸಾರೋಟಿನಲ್ಲಿ ಹೋಗುತ್ತಿದ್ದರು. ಕೆಳಗೆ ಬಯಲಿನಲ್ಲಿದ್ದವರಿಗೆ ಹತ್ತಿರದಲ್ಲೇ ಬೇರೆ ಮಾರ್ಗಗಳ ನಿಲ್ದಾಣಗಳಿದ್ದವು. ಫಾರೆಸ್ಟ್ ಹಿಲ್, ಸಿಡ್‌ನಮ್, ಸಿಡ್‌ನಮ್ ಹಿಲ್, ಎಲ್ಲವೂ ನಡೆದು ಹೋಗುವಷ್ಟು ದೂರ, ಎಲ್ಲವೂ ನಗರಕ್ಕೆ ನೇರ ದಾರಿ.

ಅಪ್ಪರ್ ಸಿಡ್‌ನಮ್ ನಿಲ್ದಾಣದ ಕತೆಯಂತೂ ಕೇಳಿದರೆ ಮರುಕವಾಗುತ್ತದೆ. ಕ್ರೆಸೆಂಟ್ ವುಡ್ ಮತ್ತು ಪ್ಯಾಕ್ಸ್‌ಟನ್ ಎಂಬ ಎರಡು ಸುರಂಗಗಳ ನಡುವೆ, ಬೆಳಕು ಕಾಣುವ ತುಸುವೇ ಜಾಗದಲ್ಲಿ, 1884ರ ಆಗಸ್ಟ್ 1ರಂದು ಅದನ್ನು ತೆರೆದರು. ರಸ್ತೆ ಮೇಲೆ, ಪ್ಲಾಟ್‌ಫಾರಂ ಕೆಳಗೆ ಆಳದಲ್ಲಿ, ನಡುವೆ ಕಡಿದಾದ ಕಾಡುಹಾದಿ. ಮಳೆಗಾಲದ ಕತ್ತಲಲ್ಲಿ ದೀಪ ಹಿಡಿದು ಆ ಹಾದಿ ಇಳಿಯುವ ಬದಲು ಇನ್ನರ್ಧ ಮೈಲಿ ನಡೆದು ಬೇರೆ ನಿಲ್ದಾಣಕ್ಕೆ ಹೋಗುವುದೇ ಲೇಸು ಎಂದು ಯಾರಿಗಾದರೂ ಅನ್ನಿಸುತ್ತದೆ. ವೆಲ್ಸ್ ಪಾರ್ಕ್ ರಸ್ತೆಯ ಬದಿಯಲ್ಲಿ ಆ ನಿಲ್ದಾಣದ ಮನೆ ಈಗಲೂ ನಿಂತಿದೆ. ಅದರ ಮುಂದೆ ಹಾದುಹೋಗುವವರಿಗೆ ಅದು ಬರೀ ಒಂದು ಹಳೆಯ ಮನೆ.

20ನೇ ಶತಮಾನದ ಆರಂಭದಲ್ಲಿ ವಿದ್ಯುತ್ ಟ್ರಾಮುಗಳು ಬಂದವು, ಬಸ್ಸುಗಳು ಬಂದವು. ಮೊದಲ ಮಹಾಯುದ್ಧದಲ್ಲಿ ಉಳಿತಾಯಕ್ಕೆಂದು 1917ರ ಜನವರಿಯಲ್ಲಿ ಈ ಮಾರ್ಗವನ್ನು ಮುಚ್ಚಿ, 1919ರ ಮಾರ್ಚಿನಲ್ಲಿ ಮತ್ತೆ ತೆರೆದರು. ಮುಚ್ಚಬಹುದಾದ ಮಾರ್ಗಗಳ ಪಟ್ಟಿ ಮಾಡಿದಾಗ ಹೆಸರು ಮೊದಲೇ ಬರುವ ಮಾರ್ಗ ಅದು ಎಂಬುದು ಆಗಲೇ ಬಯಲಾಗಿತ್ತು. ಹಾಗೆಂದು ಯಾರೂ ಅದರ ಕೈ ಬಿಟ್ಟಿರಲಿಲ್ಲ. 1923ರಲ್ಲಿ ಹುಟ್ಟಿದ ಸದರ್ನ್ ರೈಲ್ವೆ ಲಂಡನ್ನಿನ ದಕ್ಷಿಣದ ಬಡಾವಣೆಗಳಿಗೆಲ್ಲ ವಿದ್ಯುತ್ ರೈಲು ಹರಡುವ ದೊಡ್ಡ ಕೆಲಸ ಕೈಗೆತ್ತಿಕೊಂಡಿತು. 1925ರ ಜುಲೈಯಲ್ಲಿ ಈ ಕವಲಿಗೂ ವಿದ್ಯುತ್ ಹರಿಸುವ ಮೂರನೆಯ ಹಳಿ ಬಂತು. ಹೊಗೆ ಹೋಯಿತು. ಸುರಂಗಗಳಲ್ಲಿ ಕಿಟಕಿ ತೆರೆದಿಟ್ಟು ಕೂರುವಂತಾಯಿತು. ಮಾರ್ಗ ಕಂಡ ಒಳ್ಳೆಯ ದಿನಗಳು ಬಹುಶಃ ಅವೇ.

ಹನ್ನೊಂದು ವರ್ಷಗಳ ನಂತರ, 1936ರ ನವೆಂಬರ್ 30ರ ಸಂಜೆ, ಅರಮನೆಯ ವ್ಯವಸ್ಥಾಪಕ ಹೆನ್ರಿ ಬಕ್‌ಲ್ಯಾಂಡ್ ಮಗಳೊಂದಿಗೆ ನಾಯಿಯನ್ನು ಕರೆದುಕೊಂಡು ತಿರುಗಾಡಲು ಹೊರಟಾಗ ಒಳಗೆ ಕೆಂಪು ಬೆಳಕು ಕಂಡ. ಮಗಳ ಹೆಸರೂ ಕ್ರಿಸ್ಟಲ್. ಅರಮನೆಯ ಮೇಲಿನ ಪ್ರೀತಿಗೆ ಇಟ್ಟ ಹೆಸರದು. ಒಣಗಿ ಹಪ್ಪಳದಂತಾಗಿದ್ದ ಮರದ ನೆಲ, ಗಾಳಿ ಆಡುವ ಉದ್ದನೆಯ ಮೊಗಸಾಲೆ. ಕೆಲವೇ ತಾಸುಗಳಲ್ಲಿ ಎಲ್ಲ ಮುಗಿಯಿತು. ನಾನೂರಕ್ಕೂ ಹೆಚ್ಚು ಅಗ್ನಿಶಾಮಕ ಸಿಬ್ಬಂದಿ ಬಂದರೂ ಕರಗಿ ಸುರಿಯುವ ಗಾಜಿನ ಮುಂದೆ ನಿಲ್ಲಲಾಗಲಿಲ್ಲ. ಆ ಉರಿಯನ್ನು ಸುತ್ತಲಿನ ಎಂಟು ಕೌಂಟಿಗಳಿಂದ ಕಂಡರು ಎನ್ನುತ್ತಾರೆ. ರಸ್ತೆಯಾಚೆಗಿದ್ದ ಹೈ ಲೆವೆಲ್ ನಿಲ್ದಾಣ ಉಳಿದುಕೊಂಡಿತು. ಬೆಳಗಾದಾಗ ಅದರ ಎದುರು ಅರಮನೆ ಇರಲಿಲ್ಲ.

ಈ ಮಾರ್ಗದ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಇಲ್ಲಿಗೆ ಬಂದು ತೀರ್ಪು ಕೊಟ್ಟುಬಿಡುತ್ತಾರೆ: ಅರಮನೆ ಸುಟ್ಟಿತು, ರೈಲು ಸತ್ತಿತು. ನಾನು ಇದನ್ನು ಒಪ್ಪುವುದಿಲ್ಲ. ಬೆಂಕಿ ಬಿದ್ದ ಮೇಲೂ ರೈಲು ಹದಿನೆಂಟು ವರ್ಷ ಬದುಕಿತ್ತು. ಅರಮನೆಯ ಕಂಪನಿಯೋ 1911ರ ಹೊತ್ತಿಗೇ ದಿವಾಳಿಯೆದ್ದಿತ್ತು. ಅರಮನೆಯನ್ನು ರಾಷ್ಟ್ರಕ್ಕಾಗಿ ಕೊಂಡು ಉಳಿಸಿಕೊಳ್ಳಬೇಕಾಯಿತು. ಮಾರ್ಗದ ನಿಜವಾದ ಕಾಯಿಲೆ ಹುಟ್ಟಿನಿಂದ ಬಂದದ್ದು. ಅದನ್ನು ಹಾಕಿದ್ದು ದಾರಿಯುದ್ದಕ್ಕೂ ಇರುವವರಿಗಾಗಿ ಅಲ್ಲ, ದಾರಿಯ ಕೊನೆಯಲ್ಲಿದ್ದ ಒಂದು ಕಟ್ಟಡಕ್ಕಾಗಿ. ಲಾರ್ಡ್‌ಶಿಪ್ ಲೇನ್, ಆನರ್ ಓಕ್, ಅಪ್ಪರ್ ಸಿಡ್‌ನಮ್ ಮೂರೂ ಊರಿಗೆ ಹೋಗುವ ದಾರಿಯಲ್ಲಿನ ಅರವಟ್ಟಿಗೆಗಳಂತೆ ಇದ್ದವು. ಅಲ್ಲಿ ಊರು ಬೆಳೆಯಲಿ ಎಂದು ಯಾರೂ ಕಾಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ, 1944ರಲ್ಲಿ, ಮತ್ತೆ ಬೀಗ ಬಿತ್ತು. ರಸ್ತೆಯಡಿಯ ಆ ಇಟ್ಟಿಗೆಯ ಹಾದಿ ಬಾಂಬಿನಿಂದ ತಪ್ಪಿಸಿಕೊಳ್ಳುವವರ ಆಸರೆಯಾಗಿತ್ತು. 1946ರಲ್ಲಿ ರೈಲು ಮರಳಿತಾದರೂ ಯಾವುದೂ ಮೊದಲಿನಂತಿರಲಿಲ್ಲ. ಗೋಪುರಗಳ ಆ ಭಾರಿ ನಿಲ್ದಾಣಕ್ಕೆ ಬರುತ್ತಿದ್ದದ್ದು ಕೈಬೆರಳೆಣಿಕೆಯ ಪ್ರಯಾಣಿಕರು. 1948ರಲ್ಲಿ ಎಲ್ಲ ಕಂಪನಿಗಳೂ ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ವೇಸ್ ಆದ ಮೇಲೆ ಇಂಥ ನಿಲ್ದಾಣದ ಛಾವಣಿಗೆ ಹಣ ಸುರಿಯಲು ಕಾರಣವೇ ಉಳಿಯಲಿಲ್ಲ. 1954ರ ಸೆಪ್ಟೆಂಬರ್ 19ರ ಭಾನುವಾರ ರೈಲುಪ್ರಿಯರಿಗಾಗಿ ಒಂದು ವಿಶೇಷ ಉಗಿ ರೈಲು ಓಡಿತು. ಗುಡ್ಡದ ಮೇಲೆ ಅರಮನೆ ತೆರೆದು ನೂರು ವರ್ಷವಾದ ವರ್ಷ ಅದು. ಮಾರನೆಯ ದಿನ, ಸೆಪ್ಟೆಂಬರ್ 20ರಂದು, ಮಾರ್ಗ ಅಧಿಕೃತವಾಗಿ ಮುಚ್ಚಿತು. ಬ್ರಿಟನ್ನಿನಲ್ಲಿ ಹಳಿ ಕಿತ್ತ ಯಾವ ಜಾಗ ತೋರಿಸಿದರೂ ಜನ ರಿಚರ್ಡ್ ಬೀಚಿಂಗ್ ಹೆಸರು ಹೇಳುತ್ತಾರೆ. ನಷ್ಟದ ಮಾರ್ಗಗಳನ್ನು ಮುಚ್ಚಿರೆಂದ ಅವನ ವರದಿ ಬಂದದ್ದು 1963ರಲ್ಲಿ. ಈ ಕೆಲಸ ಅದಕ್ಕೆ ಒಂಬತ್ತು ವರ್ಷ ಮೊದಲೇ ಆಗಿಹೋಗಿತ್ತು. ಕೆಲವು ವರ್ಷಗಳಲ್ಲಿ ಹಳಿಗಳು ಹೋದವು, 1961ರಲ್ಲಿ ಹೈ ಲೆವೆಲ್ ನಿಲ್ದಾಣವನ್ನು ನೆಲಸಮ ಮಾಡಿದರು.

ಇಷ್ಟೇ ಆಗಿದ್ದರೆ ಇದನ್ನು ಬರೆಯಲು ನಾನು ಕೂರುತ್ತಿರಲಿಲ್ಲ. ನನಗೆ ಸಂಕಟವಾಗುವುದು ಆಮೇಲಿನ ಕೆಲವು ವರ್ಷಗಳನ್ನು ನೋಡಿದಾಗ.

ಗುಡ್ಡದ ಬಂಗಲೆಗಳ ಗುತ್ತಿಗೆಗಳು ಸರಿಯಾಗಿ ಅದೇ ಹೊತ್ತಿಗೆ ಮುಗಿಯುತ್ತ ಬಂದಿದ್ದವು. ಅಷ್ಟು ದೊಡ್ಡ ಮನೆಗಳನ್ನು ಇಟ್ಟುಕೊಳ್ಳುವವರು ಯುದ್ಧದ ನಂತರ ಇರಲಿಲ್ಲ. ಬಾಂಬು ಬಿದ್ದು ಮನೆ ಕಳೆದುಕೊಂಡವರು, ಕಿಷ್ಕಿಂಧೆಯಂಥ ಕೋಣೆಗಳಲ್ಲಿ ಒತ್ತಿಕೊಂಡಿದ್ದವರು ಲಂಡನ್ನಿನ ತುಂಬ ಇದ್ದರು. ಬಂಗಲೆಗಳ ಜಾಗದಲ್ಲಿ ಸಾರ್ವಜನಿಕ ವಸತಿ ಕಟ್ಟಲು ಶುರು ಮಾಡಿದರು. ಸಿಡ್‌ನಮ್ ಹಿಲ್ ರಸ್ತೆಯ ಪಕ್ಕದಲ್ಲೇ ಸಿಟಿ ಆಫ್ ಲಂಡನ್ ಕಾರ್ಪೊರೇಷನ್ ಕಟ್ಟಿಸಿದ ಲ್ಯಾಮಸ್ ಗ್ರೀನ್ ಎಂಬ ಸುಂದರ ವಸತಿ ಸಮುಚ್ಚಯವಿದೆ. ವಾಸ್ತುಶಿಲ್ಪಿ ಡೊನಾಲ್ಡ್ ಮೆಕ್‌ಮೊರನ್. ಹುಲ್ಲಿನ ಅಂಗಳವನ್ನು ಸುತ್ತುವರಿದ ಸಾಲುಮನೆಗಳು, ಹಳ್ಳಿಯೊಂದನ್ನು ತಂದು ಗುಡ್ಡದ ಮೇಲಿಟ್ಟಂತೆ. ಅದು ಮುಗಿದದ್ದು 1957ರಲ್ಲಿ. ಅಂದರೆ ಕೊನೆಯ ರೈಲು ಹೋಗಿ ಮೂರು ವರ್ಷಕ್ಕೆ. ಮುಂದಿನ ದಶಕದಲ್ಲಿ ಪೆಕಾರ್ಮನ್ಸ್ ವುಡ್ ಎಂಬ ಮನೆಗಳ ಬಡಾವಣೆ ಬಂತು, ಅಪ್ಪರ್ ಸಿಡ್‌ನಮ್ ನಿಲ್ದಾಣವಿದ್ದ ಕಣಿವೆಯ ಮೇಲೆಯೇ ಹಿಲ್‌ಕ್ರೆಸ್ಟ್ ಎಂಬ ಫ್ಲ್ಯಾಟುಗಳ ಬಡಾವಣೆ ಬಂತು. ಲಾರ್ಡ್‌ಶಿಪ್ ಲೇನ್ ನಿಲ್ದಾಣವಿದ್ದ ಜಾಗ ಹೋಗಿ ಮನೆಗಳಾದವು. ಆನರ್ ಓಕ್ ನಿಲ್ದಾಣದ ಗತಿಯೂ ಅದೇ. ಹೈ ಲೆವೆಲ್ ನಿಲ್ದಾಣದ ಹಳಿಗಳಿದ್ದಲ್ಲಿ ಸ್ಪಿನಿ ಗಾರ್ಡನ್ಸ್ ಎಂಬ ಮನೆಗಳಿವೆ.

ತೊಂಬತ್ತು ವರ್ಷ ಆ ರೈಲು ಯಾರಿಗಾಗಿ ಕಾದಿತ್ತೋ ಅವರು ಬಂದರು. ಬೆಳಗ್ಗೆ ಎಂಟಕ್ಕೆ ಮನೆ ಬಿಟ್ಟು ಸಂಜೆ ಆರಕ್ಕೆ ಮರಳುವ, ಸ್ವಂತ ಸಾರೋಟಿಲ್ಲದ, ದಿನದಿನವೂ ಟಿಕೆಟ್ ಕೊಳ್ಳುವ ಜನ. ಅವರು ಮೂಟೆ ಕಟ್ಟಿಕೊಂಡು ಬಂದು ನೋಡಿದಾಗ ಗುಡ್ಡದ ಹೊಟ್ಟೆಯಲ್ಲಿ ಎರಡು ಸುರಂಗಗಳು ಸಿದ್ಧವಾಗಿದ್ದವು, ಸೇತುವೆಗಳಿದ್ದವು. ಹಳಿಯನ್ನು ಆಗತಾನೆ ಕಿತ್ತಿದ್ದರು. ವರ್ಷದ ಲೆಕ್ಕಪತ್ರ ನೋಡಿ ಮುಚ್ಚಿದವರನ್ನು ಪೂರ್ತಿ ದೂರಲಾರೆ, ಆ ವರ್ಷದ ಲೆಕ್ಕ ಹಾಗೆಯೇ ಇತ್ತು. ಆದರೆ ಅದೇ ಗುಡ್ಡದ ಮೇಲೆ ಎಷ್ಟು ಮನೆ ಏಳಲಿವೆ ಎಂಬ ನಕ್ಷೆ ಇನ್ನೊಂದು ಕಚೇರಿಯ ಮೇಜಿನ ಮೇಲಿದ್ದಾಗ, ಎರಡು ಮೇಜುಗಳ ನಡುವೆ ಒಂದು ಮಾತು ನಡೆದಿದ್ದರೆ ಎಂದು ನೆನೆಯದೆ ಇರಲಾರೆ. ಒಮ್ಮೆ ಕಿತ್ತ ಹಳಿಯನ್ನು ಮತ್ತೆ ಹಾಕುವುದು ಹಣದ ಮಾತಲ್ಲ, ನೆಲದ ಮಾತು. ನಿಲ್ದಾಣದ ಜಾಗದಲ್ಲಿ ಈಗ ಜನರ ಅಡುಗೆಮನೆಗಳಿವೆ.

ಗುಡ್ಡದ ಬುಡದ ಆ ಹಳೆಯ ನಿಲ್ದಾಣವೋ, ಮೆಟ್ಟಿಲು ಹತ್ತಿಸಿ ಬೈಸಿಕೊಂಡಿದ್ದದ್ದು, ಇವತ್ತಿಗೂ ಕೆಲಸದಲ್ಲಿದೆ. ಅದರ ಹಳಿಗಳು ಬೇರೆ ಬೇರೆ ದಿಕ್ಕಿನ ಮಾರ್ಗಗಳಿಗೆ ಕೂಡಿಕೊಂಡಿದ್ದವು, ಒಂದೇ ಬಾಗಿಲಿನ ಮನೆಯಾಗಿರಲಿಲ್ಲ. ಅರಮನೆ ಹೋದರೂ ಅದಕ್ಕೆ ಬೇರೆ ಕೆಲಸವಿತ್ತು. 2010ರಲ್ಲಿ ಲಂಡನ್ನಿನ ನಗರ ರೈಲುಜಾಲವಾದ ಓವರ್‌ಗ್ರೌಂಡಿನ ರೈಲುಗಳೂ ಅಲ್ಲಿಗೆ ಬಂದವು.

ಮಾರ್ಗದ ಮೇಲೆ ನಡೆಯಬೇಕೆನ್ನುವವರಿಗೆ ಒಂದು ಮಾತು. ಹಾರ್ನಿಮನ್ ವಸ್ತುಸಂಗ್ರಹಾಲಯದ ಪಕ್ಕದಲ್ಲಿ, ಹಳೆಯ ಹಳಿಯ ಜಾಗದಲ್ಲೇ, ಒಂದು ಪ್ರಕೃತಿ ಹಾದಿಯಿದೆ. ಅಲ್ಲಿಂದ ಲಾರ್ಡ್‌ಶಿಪ್ ಲೇನ್ ದಾಟಿದರೆ ಸಿಡ್‌ನಮ್ ಹಿಲ್ ವುಡ್ ಎಂಬ ಕಾಡು. ಹಿಂದೆ ಈ ದಿಕ್ಕಿಗೆಲ್ಲ ಹಬ್ಬಿದ್ದ ಗ್ರೇಟ್ ನಾರ್ತ್ ವುಡ್ ಎಂಬ ಮಹಾಕಾಡಿನ ಉಳಿದ ತುಣುಕು. ನಾರ್‌ವುಡ್ ಎಂಬ ಹೆಸರು ಅದರಿಂದಲೇ ಬಂದದ್ದು. 1982ರಿಂದ ಲಂಡನ್ ವೈಲ್ಡ್‌ಲೈಫ್ ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತಿದೆ. ಕಾಡಿನ ನಡುವೆ ಬಂಗಲೆಯ ತೋಟದಲ್ಲಿದ್ದ ದೇವದಾರು ಮರ ಒಂಟಿಯಾಗಿ ನಿಂತಿರುವುದು ಕಾಣುತ್ತದೆ. ಹಳಿಯಿದ್ದ ಜಾಗ ನೇರವಾಗಿ, ಸಮತಟ್ಟಾಗಿ, ಮೆಲ್ಲನೆ ಏರುತ್ತ ಹೋಗುತ್ತದೆ. ಕಾಡಿನ ಬೇರೆ ಹಾದಿಗಳೆಲ್ಲ ಕಾಲಿಗೆ ಬಂದಂತೆ ತಿರುಗುತ್ತವೆ, ಇದೊಂದೇ ಅಳತೆಗೆ ನಡೆಯುತ್ತದೆ. ನಡೆದು ನಡೆದು ಹಠಾತ್ತನೆ ಎದುರಿಗೆ ಇಟ್ಟಿಗೆಯ ಕಮಾನು, ಅದರ ಬಾಯಿ ಮುಚ್ಚಿದ ಗೋಡೆ. ಅದೇ ಕ್ರೆಸೆಂಟ್ ವುಡ್ ಸುರಂಗ. ಒಳಗೆ ಚಳಿಗಾಲದಲ್ಲಿ ಬಾವಲಿಗಳು ಮಲಗುತ್ತವೆ. ಕಿವಿಗೊಟ್ಟು ನಿಂತರೆ ಒಳಗೆಲ್ಲೋ ಹನಿ ಬೀಳುವ ಸದ್ದು. ಅದರ ಮೇಲ್ಗಡೆಯ ಕ್ರೆಸೆಂಟ್ ವುಡ್ ರಸ್ತೆಯ 3ನೇ ಮನೆಯಲ್ಲಿ ಟೆಲಿವಿಷನ್ ಕಂಡುಹಿಡಿದ ಜಾನ್ ಲೋಗಿ ಬೇರ್ಡ್ ವಾಸವಾಗಿದ್ದ. ನೆಲದ ಮೇಲೆ ದೂರದಿಂದ ಚಿತ್ರ ಕಳಿಸುವ ಕನಸು, ನೆಲದ ಕೆಳಗೆ ರೈಲು. ಎರಡೂ ಒಂದೇ ಗುಡ್ಡದಲ್ಲಿ, ಒಂದೇ ಕಾಲದಲ್ಲಿ.

ಪಿಸಾರೊ ನಿಂತಿದ್ದ ಕಾಲುಸೇತುವೆಯ ಜಾಗವೂ ಅಲ್ಲಿಯೇ ಇದೆ. ಅವನ ಕಾಲದ ಸೇತುವೆ ಹೋಗಿ ಬೇರೆಯದು ಬಂದಿದೆ. ಮೊದಲ ಸಲ ಅಲ್ಲಿ ನಿಂತು ಚೀಲದಿಂದ ಚಿತ್ರ ತೆಗೆದಾಗ ನನಗೆ ಕಂಡದ್ದು ಹಸಿರು, ಹಸಿರು, ಮತ್ತೆ ಹಸಿರು. ಹಳಿಯ ಇಕ್ಕೆಲದ ಬೋಳು ಇಳಿಜಾರುಗಳಲ್ಲಿ ಆಳೆತ್ತರದ ಮರಗಳು ಬೆಳೆದು ನಿಲ್ದಾಣದ ದಿಕ್ಕನ್ನೇ ಮರೆಮಾಡಿವೆ. ಆದರೆ ನೆಲದ ಇಳಿಜಾರು ಚಿತ್ರದಲ್ಲಿದ್ದ ಹಾಗೆಯೇ ಇತ್ತು. ಗುಡ್ಡ ಎಲ್ಲಿಗೂ ಹೋಗಿರಲಿಲ್ಲ. ಕೆಲವು ವರ್ಷಗಳ ಹಿಂದೆ ಈ ಸೇತುವೆಯ ದುರಸ್ತಿಗಾಗಿ ಪಕ್ಕದ ಎರಡು ಹಿರಿಯ ಓಕ್ ಮರಗಳನ್ನು ಕಡಿಯಬೇಕೆಂದಾಗ ಸುತ್ತಮುತ್ತಲಿನವರು ತಿರುಗಿಬಿದ್ದರು. ರೈಲು ಮುಚ್ಚಿದ್ದರಿಂದ ಈ ಕಾಡು ಉಳಿಯಿತು, ಬೆಳೆಯಿತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಬಾವಲಿಗಳನ್ನು ಎಬ್ಬಿಸಿ ಹಳಿ ಹಾಕಿರಿ ಎಂದು ಕೇಳುವ ಮನಸ್ಸೂ ನನಗಿಲ್ಲ. ಎರಡು ಪ್ರೀತಿಗಳು ಒಂದೇ ನೆಲದ ಮೇಲೆ ನಿಂತಾಗ ಮನುಷ್ಯ ಸುಮ್ಮನೆ ನಡೆಯುತ್ತಾನೆ. ನಾನೂ ನಡೆಯುತ್ತೇನೆ.

ಇಟ್ಟಿಗೆಯ ಆ ಕೆಳಹಾದಿ ಮಾತ್ರ ಬದುಕಿತು. ಬಹುಕಾಲ ಬೀಗ ಹಾಕಿ ಬಿಟ್ಟಿದ್ದರು, ನೀರು ಜಿನುಗಿ ಇಟ್ಟಿಗೆಗಳು ಪುಡಿಯಾಗುತ್ತಿದ್ದವು. ಅದನ್ನು ಉಳಿಸಬೇಕೆಂದು ಹಟ ಹಿಡಿದ ಸ್ಥಳೀಯರು ಒಂದು ಬಳಗ ಕಟ್ಟಿಕೊಂಡು ವರ್ಷಗಟ್ಟಲೆ ಓಡಾಡಿದರು. 2018ರಲ್ಲಿ ಅದಕ್ಕೆ ಸಂರಕ್ಷಿತ ಕಟ್ಟಡಗಳಲ್ಲಿ ಮೇಲಿನ ದರ್ಜೆ ಸಿಕ್ಕಿತು, 2024ರಲ್ಲಿ ದುರಸ್ತಿ ಮುಗಿದು ಬಾಗಿಲು ತೆರೆಯಿತು. ಕಂಬಗಳಿಗೆ ಮತ್ತೆ ಬಣ್ಣ ಮರಳಿದೆ. ಅದರ ಒಂದು ತುದಿಗೆ ಅರಮನೆ ಇಲ್ಲ, ಇನ್ನೊಂದು ತುದಿಗೆ ನಿಲ್ದಾಣ ಇಲ್ಲ. ಹಾದಿ ಇದೆ.

ಹೋದ ತಿಂಗಳು ನಡೆದು ದಣಿದು, ಸಂಜೆ ಕ್ರಿಸ್ಟಲ್ ಪ್ಯಾಲೇಸಿನ ಬಸ್ ನಿಲ್ದಾಣದಲ್ಲಿ 363ನೇ ಬಸ್ ಹತ್ತಿದೆ. ಗುಡ್ಡದ ಸಾಲಿನ ಮೇಲೆ, ಹೆಚ್ಚುಕಡಿಮೆ ಹಳೆಯ ಮಾರ್ಗದ ಜೊತೆಜೊತೆಗೇ ಅದು ಸಾಗುತ್ತದೆ. ಕೂರಲು ಜಾಗವಿರಲಿಲ್ಲ. ಶಾಲೆಯ ಚೀಲ ಹೊತ್ತ ಮಕ್ಕಳು, ಆಸ್ಪತ್ರೆಯ ಸಮವಸ್ತ್ರದಲ್ಲೇ ಹೊರಟಿದ್ದ ಒಬ್ಬಾಕೆ, ತರಕಾರಿ ಚೀಲವನ್ನು ಕಾಲುಗಳ ನಡುವೆ ಒತ್ತಿ ಹಿಡಿದಿದ್ದ ಅಜ್ಜ. ಸಿಡ್‌ನಮ್ ಹಿಲ್ ರಸ್ತೆಯಲ್ಲಿ, ಸುರಂಗವಿರುವ ಗುಡ್ಡದ ಬೆನ್ನಿನ ಮೇಲೆ, ಫ್ಲ್ಯಾಟುಗಳ ಎದುರು ಬಸ್ ನಿಂತಿತು. ಇಳಿದವರನ್ನು ಎಣಿಸಿದೆ. ಹನ್ನೊಂದು ಮಂದಿ.